ತಣ್ಣಗಾದ ಕಾಂತರಾಜು

‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುವುದು ನಮ್ಮ ಕಡೆಯ ಹಿರಿಯರ ವಾಡಿಕೆ. ಎಷ್ಟು ತಣ್ಣಗಿರಬೇಕು ಎಂಬುದನ್ನು ಮಾತ್ರ ಯಾವ ಹಿರಿಯರೂ ಹೇಳಿಟ್ಟು ಹೋಗಿಲ್ಲ. ಹೇಳಿದ್ದರೆ ನಮ್ಮ ಹೊಸ ಅಗ್ರಹಾರದ ಕಾಂತರಾಜು ಆ ವರ್ಷದ ರಾಜ್ಯೋತ್ಸವದ ಹೊತ್ತಿಗೆ ಮೂರು ತಾಲ್ಲೂಕಿನ ಜನರ ಕಣ್ಣಲ್ಲಿ ನೀರು ತರಿಸುತ್ತಿರಲಿಲ್ಲ.

ಕಾಂತರಾಜು ನಮ್ಮ ಪಕ್ಕದ ಮನೆಯವನು. ನಾಲೆ ಬಯಲಿನಲ್ಲಿ ಭತ್ತದ ಗದ್ದೆ, ಒಂದು ಜೊತೆ ಎತ್ತು, ಯಾರು ಏನು ಹೇಳಲು ಬಾಯಿ ತೆರೆದರೂ ‘ಗೊತ್ತು ಕಣ್ರೀ’ ಎಂದು ಎದ್ದು ಹೋಗುವ ಅಭ್ಯಾಸ, ಇಷ್ಟು ಅವನ ಆಸ್ತಿ. ಮನಸ್ಸು ಬೆಣ್ಣೆ. ನನ್ನ ಮನೆಯ ಹೆಂಚು ಜಾರಿದರೆ ಕರೆಯದೆ ಬಂದು ಏಣಿ ಹಾಕುತ್ತಿದ್ದ. ಆ ಹೆಂಚನ್ನು ಸರಿಪಡಿಸಿ ಇಳಿಯುವಾಗ ಇನ್ನೊಂದನ್ನು ಮುರಿಯುತ್ತಿದ್ದ. ಅದನ್ನು ಸರಿಪಡಿಸಲು ಮಾರನೆಯ ದಿನ ಮತ್ತೆ ಕರೆಯದೆ ಬರುತ್ತಿದ್ದ. ಹೀಗಾಗಿ ನಮ್ಮ ಎರಡು ಮನೆಗಳ ನಡುವೆ ಬಳಕೆ ಎಂದೂ ತಪ್ಪಲಿಲ್ಲ.

ಇಂಥ ಕಾಂತರಾಜುವಿನ ಜೀವಕ್ಕೆ ಒಂದೇ ಒಂದು ಮುಳ್ಳು. ಅವನ ಷಡ್ಡಕ ಕನಕರಾಜು.

ಕಾಂತರಾಜುವಿನ ಹೆಂಡತಿ ಸುನಂದಮ್ಮ. ಅವಳ ತಂಗಿಯನ್ನು ಪಿರಿಯಾಪಟ್ಟಣಕ್ಕೆ ಕೊಟ್ಟಿದ್ದಾರೆ. ಆ ತಂಗಿಯ ಗಂಡನೇ ಹೊಗೆಸೊಪ್ಪು ಬೆಳೆಯುವ ಕನಕರಾಜು. ಪ್ರತಿ ವರ್ಷ ರಾಜ್ಯೋತ್ಸವಕ್ಕೆ ನಲವತ್ತು ದಾಟಿದವರ ಕಬಡ್ಡಿ ನಡೆಯುತ್ತಿತ್ತು. ನಮ್ಮೂರ ತಂಡದಲ್ಲಿ ಕಾಂತರಾಜು, ಪಿರಿಯಾಪಟ್ಟಣದ ತಂಡಕ್ಕೆ ಕನಕರಾಜುವೇ ನಾಯಕ. ಹಿಂದಿನ ವರ್ಷ ಕೊನೆಯ ರೈಡಿನಲ್ಲಿ ಕನಕರಾಜು ಇವನ ಬಲಗಾಲಿನ ಹರಡು ಹಿಡಿದು, ಗದ್ದೆಯಲ್ಲಿ ಹಲಗೆ ಎಳೆದಂತೆ ಹಿಂದಕ್ಕೆ ಎಳೆದುಬಿಟ್ಟಿದ್ದ. ಆ ಒಂದು ಅಂಕದಲ್ಲಿ ನಮ್ಮೂರು ಸೋತಿತು. ಸೋತದ್ದು ಒಂದು ದಿನ. ಅದರ ಕಥೆ ನಡೆದದ್ದು ವರ್ಷವಿಡೀ. ನಾಮಕರಣಕ್ಕೆ ಹೋದರೆ ಆ ಕಥೆ, ಗೃಹಪ್ರವೇಶಕ್ಕೆ ಹೋದರೆ ಆ ಕಥೆ. ಕನಕರಾಜು ಎದ್ದು ನಿಂತು, ಯಾವುದಾದರೂ ಕುರ್ಚಿಯ ಕಾಲು ಹಿಡಿದು ಎಳೆದು ತೋರಿಸುತ್ತಿದ್ದ. ಬೀಚನಹಳ್ಳಿಯ ಅತ್ತೆ ಮಲ್ಲಾಜಮ್ಮ ಅದನ್ನು ಎಷ್ಟು ಸಲ ನೋಡಿದರೂ ನಗುತ್ತಿದ್ದರು. ನಾಟಿ ಕೋಳಿ ಸಾರು ಬಡಿಸುವಾಗ ಹಿಡಿದ ಅಳಿಯನ ತಟ್ಟೆಗೆ ತೊಡೆ, ಹಿಡಿಸಿಕೊಂಡ ಅಳಿಯನ ತಟ್ಟೆಗೆ ಕತ್ತು.

“ಈ ಸತಿ ನಾನ್ ಆಡ್ದೇ ಇದ್ರೆ ಬೀಚನಳ್ಳಿ ದಿಕ್ಕಿಗೆ ತಲೆ ಆಕಿ ಮಲಗಾಕಿಲ್ಲ ಕಣ್ ಟೀಚರಮ್ಮ” ಎಂದು ಕಾಂತರಾಜು ನನ್ನ ಜಗಲಿಯಲ್ಲಿ ಕುಳಿತು ಶಪಥ ಮಾಡಿದ. ಶಪಥ ಮಾಡಿ ಏಳುವಾಗ ಜಗಲಿಯ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. “ಒಳ್ಳೆ ಕಂಬ ಕಣ್ರೀ ಇದು” ಎಂದು ಅದನ್ನು ತಟ್ಟಿ ನೋಡಿದ. ಎಷ್ಟೋ ತಿಂಗಳಿಂದ ಅವನು ನೆಲದಿಂದ ಏಳುವಾಗಲೆಲ್ಲ ಹತ್ತಿರದ ಕಂಬವನ್ನೋ ಗೋಡೆಯನ್ನೋ ಹೀಗೆ ಹೊಗಳುತ್ತಿದ್ದ. ಬಲ ಮಂಡಿ ನೋಯುತ್ತಿದೆ ಎಂದು ನನಗೆ ಗೊತ್ತಿತ್ತು. ಅದು ಯಾರಿಗೂ ಗೊತ್ತಿಲ್ಲ ಎಂದು ಅವನಿಗೆ ಗೊತ್ತಿತ್ತು. ನಾನು ಅವನ ನಂಬಿಕೆಯನ್ನು ಕೆಡಿಸಲಿಲ್ಲ.

ಆದರೆ ಆ ವರ್ಷ ಪಂದ್ಯ ನಡೆಸುವ ರುದ್ರಸ್ವಾಮಿ ಮೇಷ್ಟ್ರು ಒಂದು ಹೊಸ ಕಾನೂನು ತಂದರು. ಮೇಷ್ಟ್ರು ಹೈಸ್ಕೂಲಿನಲ್ಲಿ ಡ್ರಿಲ್ ಹೇಳಿಕೊಟ್ಟು ನಿವೃತ್ತರಾದವರು. ಹಿಂದಿನ ವರ್ಷ ಪಂದ್ಯ ಮುಗಿದ ಮೇಲೆ ಗಂಡಂದಿರನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹೋದ ಹೆಂಗಸರು ಮೇಷ್ಟ್ರ ಮನೆ ಮುಂದೆ ನಿಂತು ಆಡಿದ ಮಾತು ಅವರ ಕಿವಿಯಲ್ಲಿ ಇನ್ನೂ ಇತ್ತು.

“ಈ ಸಲ ಮೈಸೂರಿಂದ ಒಂದು ಹೆಣ್ಣುಮಗಳು ಬರ್ತಾಳೆ, ಆಟಗಾರರ ಮೈ ಬಗ್ಗೆ ಓದ್ತಿರೋಳು. ಅವಳ ಹತ್ರ ಒಂದು ಕ್ಯಾಮೆರಾ ಇದೆ. ಆ ಕ್ಯಾಮೆರಾ ಯಾರನ್ನ ಬೇಡ ಅನ್ನುತ್ತೋ ಅವರು ಆಡೋ ಹಾಗಿಲ್ಲ. ಬೈಯೋದಿದ್ರೆ ಕ್ಯಾಮೆರಾನ ಬೈಕೊಳ್ಳಿ” ಎಂದರು.

ಬಂದವಳು ಬೃಂದಾ. ಸಣ್ಣ ಹುಡುಗಿ, ಕನ್ನಡಕ, ಎದೆಗೆ ಅವಚಿಕೊಂಡ ಒಂದು ಪೆಟ್ಟಿಗೆ. ಕರೆಂಟಿನ ತಂತಿ ಎಲ್ಲಿ ಬಿಸಿಯಾಗಿದೆ ಎಂದು ನೋಡುವ ಕ್ಯಾಮೆರಾವಂತೆ. ಇಂಜಿನಿಯರಿಂಗ್ ಕಾಲೇಜಿನ ಗೆಳತಿಯಿಂದ ಬೇಡಿ ತಂದಿದ್ದಳು. ಶಾಲೆಯ ವರಾಂಡದಲ್ಲಿ ತಂಡವನ್ನು ಕೂರಿಸಿಕೊಂಡು ತಾಳ್ಮೆಯಿಂದ ವಿವರಿಸಿದಳು. ನನ್ನನ್ನು ನೋಡಿದ್ದೇ ತಾನು ಕೂರಬೇಕಿದ್ದ ಕುರ್ಚಿಯನ್ನು ತಂದು ಹಾಕಿದಳು. ತಾನು ಕೊನೆಯವರೆಗೂ ನಿಂತೇ ಇದ್ದಳು.

“ಈ ಕ್ಯಾಮೆರಾಗೆ ಬಣ್ಣ ಕಾಣಲ್ಲ. ಮೈಯಿನ ಉಷ್ಣ ಕಾಣುತ್ತೆ. ಬಿಸಿ ಇರೋ ಕಡೆ ಕೆಂಪು, ತಂಪು ಇರೋ ಕಡೆ ನೀಲಿ. ಒಂದು ಮಂಡಿಗಿಂತ ಇನ್ನೊಂದು ಮಂಡಿ ಬಿಸಿಯಾಗಿದ್ರೆ ಒಳಗೆ ಊತ ಇರಬಹುದು. ಅಂಥವರು ಆಡಿದ್ರೆ ಪೆಟ್ಟು ಹೆಚ್ಚಾಗುತ್ತೆ” ಎಂದಳು.

“ಗೊತ್ತು ಕಣವ್ವ, ಉಷ್ಣ ತಾನೆ” ಎಂದು ಕಾಂತರಾಜು ಕಿಟಕಿಯ ಸರಳನ್ನು ಹೊಗಳುತ್ತಾ ಎದ್ದು ಹೊರಟುಹೋದ.

ಅವನು ಹೋದ ಮೇಲೆ ಬೃಂದಾ ಇನ್ನೂ ಒಂದು ಮಾತು ಹೇಳಿದಳು. ಪಂದ್ಯದ ಹಿಂದಿನ ದಿನ, ಶನಿವಾರ, ಪರೀಕ್ಷೆಗೆ ಬರುವವರು ಯಾವಾಗಲೂ ಇರುವ ಹಾಗೇ ಬರಬೇಕು, ಬರುವ ಮೊದಲು ಸ್ನಾನ ಮಾಡಬಾರದು, ಎಣ್ಣೆ ಹಚ್ಚಬಾರದು, ಸುಮ್ಮನೆ ನೆರಳಲ್ಲಿ ಕುಳಿತಿದ್ದು ಬರಬೇಕು. ಈ ಮಾತನ್ನು ಊರೆಲ್ಲ ಕೇಳಿಸಿಕೊಂಡಿತು. ಕೇಳಿಸಿಕೊಳ್ಳದವನು ಒಬ್ಬನೇ.

ಜೊತೆಗೆ ಹೊಸ ನೈಲಾನ್ ಜೆರ್ಸಿ ಮೈಗೆ ಹಿತವಾಗಿದೆಯೇ ಎಂದೂ ಅವಳು ವಿಚಾರಿಸುತ್ತಿದ್ದಳು. ತಂಡದ ನಿಂಗಯ್ಯ ಊರಿನ ಎಸ್‌ಟಿಡಿ ಬೂತಿನ ಮಾಲೀಕ. ಅವನನ್ನು, “ಒಂದರಿಂದ ಐದರ ಒಳಗೆ ಹೇಳಿ, ಇದು ಎಷ್ಟು ಹಿತ?” ಎಂದು ಕೇಳಿದಳು.

“ಕೊಡ್ಸಿರೋ ಗೊಬ್ಬರದಂಗಡಿಯೋರು ಅಲ್ಲೇ ನಿಂತವ್ರೆ. ಈಗ ಐದು ಅಂತ ಮಡಿಕ್ಕೊಳವ್ವ. ಅವ್ರು ಓದ್ಮೇಕೆ ಎರಡು ಮಾಡ್ಕೊ” ಎಂದ ನಿಂಗಯ್ಯ.

ಇತ್ತ ಕಾಂತರಾಜು ಕೇಳಿಸಿಕೊಂಡದ್ದು ‘ಉಷ್ಣ’ ಎಂಬ ಒಂದು ಪದ. ಓದುಗರಿಗೆ ಹೇಳಬೇಕಾಗಿಲ್ಲ, ನಮ್ಮಲ್ಲಿ ಉಷ್ಣ ಎಂದರೆ ಬರೀ ಬಿಸಿಯಲ್ಲ. ಕಣ್ಣುರಿ ಉಷ್ಣ, ಬಾಯಿಹುಣ್ಣು ಉಷ್ಣ, ಪರಂಗಿಹಣ್ಣು ಉಷ್ಣ, ಬೆಲ್ಲ ಉಷ್ಣ. ಉಷ್ಣವನ್ನು ಇಳಿಸುವ ಮದ್ದು ಗೊತ್ತಿಲ್ಲದ ಮನೆ ಕೆ.ಆರ್. ನಗರ ತಾಲ್ಲೂಕಿನಲ್ಲಿ ಇಲ್ಲ. ಆ ವಾರ ಎಲ್ಲ ಮನೆಗಳ ಮದ್ದೂ ಕಾಂತರಾಜುವಿನ ಮೇಲೆ ಬಿತ್ತು.

ನೆತ್ತಿಗೆ ಹರಳೆಣ್ಣೆ. ಅದು ಇಳಿದು ಹುಬ್ಬಿಗೆ, ಹುಬ್ಬಿನಿಂದ ಮೀಸೆಗೆ. ಬೆಳಿಗ್ಗೆ ಮೆಂತ್ಯದ ಗಂಜಿ, ಮಧ್ಯಾಹ್ನ ಎಳನೀರು, ಸಂಜೆ ನನ್ನ ಮನೆಯ ಮಜ್ಜಿಗೆ. ಬೀದಿಯ ಕೊನೆಯ ಪುಟ್ಟಸಿದ್ದಮ್ಮ ತಾನಾಗಿ ಬಂದು, ಲೋಳೆಸರ ಸಿಗಿದು ಅವನ ಅಂಗಾಲಿಗೆ ಹಚ್ಚಿ, ಯಾರೂ ಕೇಳದಿದ್ದರೂ ಅಂಗಳವನ್ನೂ ಗುಡಿಸಿ ಹೋಗುತ್ತಿದ್ದಳು. ಅಂಗಾಲಿಗೆ ಲೋಳೆಸರ ಹಚ್ಚಿಕೊಂಡ ಮನುಷ್ಯ ಸಾರಿಸಿದ ನೆಲದ ಮೇಲೆ ಹೇಗೆ ನಡೆಯುತ್ತಾನೆ ಎಂಬುದನ್ನು ನಾನು ಆ ವಾರ ಬೇಲಿಯಾಚೆಯಿಂದ ಚೆನ್ನಾಗಿ ನೋಡಿದೆ. ಅವನು ನಡೆಯುತ್ತಿರಲಿಲ್ಲ, ತಲುಪುತ್ತಿದ್ದ.

ಕೋಪವೂ ಉಷ್ಣ ಎಂದು ಯಾರೋ ಹೇಳಿದರು. ಕಾಂತರಾಜು ಕೋಪವನ್ನೂ ಬಿಟ್ಟ. ಎತ್ತು ಅವನ ಪಾದದ ಮೇಲೆ ಕಾಲಿಟ್ಟು ನಿಂತಾಗ, “ಇರ್ಲಿ ಬುಡಪ್ಪ, ನಿಂಗೂ ಸುಸ್ತಾಗಿರ್ತದೆ” ಎಂದ. ಸುನಂದಮ್ಮ ಬೇಕೆಂದೇ ಸಾರಿಗೆ ಉಪ್ಪು ಹಾಕದೆ ಪರೀಕ್ಷಿಸಿದಳು. “ಇದೇ ಚೆಂದಾಗದೆ ಸುನಂದ” ಎಂದು ಉಂಡು ಎದ್ದ.

“ಈ ಕ್ಯಾಮೆರಾ ವರ್ಸಾ ವರ್ಸಾ ಬರ್ಲಿ ಟೀಚರಮ್ಮ. ಇಂಥ ಗಂಡನ್ನ ನಾನು ಮದ್ವೆಯಾದ್ಮೇಕೆ ಇದೇ ಮೊದ್ಲು ನೋಡ್ತಾ ಇರೋದು” ಎಂದಳು ಸುನಂದಮ್ಮ, ಮಜ್ಜಿಗೆಗೆ ಬಂದಾಗ.

ಶನಿವಾರ ಬಂತು. ಕಾರ್ತಿಕದ ಚಳಿಯಲ್ಲಿ ಕೋಳಿ ಕೂಗುವ ಮೊದಲೇ ಕಾಂತರಾಜು ನಾಲೆಗೆ ಇಳಿದು ಎದೆಮಟ್ಟ ನೀರಿನಲ್ಲಿ ಕುಳಿತ. ಗದ್ದೆಗೆ ಹೋಗುವವರೆಲ್ಲ ಮಾತಾಡಿಸಿ ಹೋದರು. ಮೊದಮೊದಲು ಉತ್ತರ ಕೊಡುತ್ತಿದ್ದ. ಆಮೇಲೆ ಬರೀ ಹಲ್ಲು ಕಡಿಯುವ ಸದ್ದು ಬರುತ್ತಿತ್ತು. ಅಷ್ಟಕ್ಕೇ ಬಿಡಲಿಲ್ಲ. ಶಾಲೆಯ ಮುಂದೆ ಸೈಕಲ್ಲಿನಲ್ಲಿ ಐಸ್‌ಕ್ಯಾಂಡಿ ಮಾರುವವನ ಪೆಟ್ಟಿಗೆಯನ್ನೇ ಖಾಲಿ ಮಾಡಿಸಿ, ಕ್ಯಾಂಡಿಗಳನ್ನು ಟವೆಲಿನಲ್ಲಿ ಸುತ್ತಿ, ಎರಡೂ ಮಂಡಿಗೆ ಬಿಗಿದು, ಕಾಂಪೌಂಡಿನ ಹಿಂದೆ ಸರದಿಗಾಗಿ ಕಾದ. ಹೆಸರು ಕೂಗಿದಾಗ ಬಿಚ್ಚಿ ಎಸೆದು ಒಳಗೆ ಬಂದ.

ರುದ್ರಸ್ವಾಮಿ ಮೇಷ್ಟ್ರು ಅವನ ಕಾಲು ನೋಡಿ ಕುರ್ಚಿಯಿಂದ ಎದ್ದರು. “ಏನಯ್ಯ ಇದು, ಮಂಡಿಯಿಂದ ರಕ್ತ ಸುರೀತಾ ಇದೆ.”

“ರ್‌ರ್‌ರಕ್ತ ಅಲ್ಲ ಸಾ. ರ್‌ರ್‌ರೋಸ್ ಕ್ಯಾಂಡಿ.”

ಬೃಂದಾ ಕ್ಯಾಮೆರಾ ಹಿಡಿದಳು. ಒಂದು ಹೆಜ್ಜೆ ಹಿಂದೆ ಹೋದಳು, ಒಂದು ಹೆಜ್ಜೆ ಮುಂದೆ ಬಂದಳು. ಕ್ಯಾಮೆರಾವನ್ನು ಒರೆಸಿದಳು.

“ಸರ್, ಸ್ವಲ್ಪ ಮುಂದೆ ಬನ್ನಿ.”

“ಬಂದಿವ್ನಿ ಕಣವ್ವ.”

“ಇಲ್ಲ ಸರ್, ನಿಮ್ಮ ಕಾಲು ಬಂದಿಲ್ಲ.”

ನಾವೆಲ್ಲ ಇಣುಕಿ ನೋಡಿದೆವು. ಪುಟ್ಟ ಪರದೆಯ ಮೇಲೆ ಕಾಂತರಾಜುವಿನ ತಲೆ ಇತ್ತು, ಎದೆ ಇತ್ತು, ಎರಡೂ ನೀಲಿ. ತೊಡೆಯಿಂದ ಕೆಳಗೆ ಅಮಾವಾಸ್ಯೆ. ಕಾಲಿಲ್ಲದ ಅರ್ಧ ಮನುಷ್ಯ ಗಾಳಿಯಲ್ಲಿ ತೇಲುತ್ತಾ ನಮ್ಮ ಕಡೆ ನೋಡಿ ನಗುತ್ತಿದ್ದ.

“ಕೆಂಪು ಏನಾರ ಅದಾ ಅವ್ವ?” ಎಂದು ಅರ್ಧ ಮನುಷ್ಯ ಕೇಳಿದ.

“ಕೆಂಪು ಒಂದು ಚುಕ್ಕೇನೂ ಇಲ್ಲ. ಆದ್ರೆ ಸರ್...”

ಕಾಂತರಾಜು ಕೇಳಬೇಕಾದದ್ದನ್ನು ಕೇಳಿ ಆಗಿತ್ತು. ಎರಡೂ ಕೈ ಮೇಲೆತ್ತಿ ಜನರ ಕಡೆ ತಿರುಗಿದ. ತಿರುಗಿದವನು ನಡುಗುತ್ತಾ ಹಾಗೇ ಕುಸಿದು ಕುಳಿತ. ಬೃಂದಾ ಕ್ಯಾಮೆರಾವನ್ನು ನನ್ನ ಮಡಿಲಿಗೆ ಹಾಕಿ, ತನ್ನ ಹೆಗಲ ಮೇಲಿದ್ದ ಶಾಲು ತೆಗೆದು ಅವನಿಗೆ ಸುತ್ತಿದಳು. ಹೊಸ ಶಾಲು, ಅದಕ್ಕೆ ಹರಳೆಣ್ಣೆಯೂ ಹತ್ತಿತು, ರೋಸ್ ಬಣ್ಣವೂ ಹತ್ತಿತು. ಅವಳು ಅದನ್ನು ನೋಡಲೇ ಇಲ್ಲ.

“ಇವರು ಪೂರ್ತಿ ತಣ್ಣಗಾಗಿಬಿಟ್ಟಿದ್ದಾರೆ. ಮನೆಗೆ ಕರ್ಕೊಂಡು ಹೋಗಿ ಮಲಗಿಸಿ, ಕಂಬಳಿ ಹೊದಿಸಿ. ಈ ಪರೀಕ್ಷೆ ಲೆಕ್ಕಕ್ಕಿಲ್ಲ. ನಾಳೆ ಬೆಳಿಗ್ಗೆ ನಾನೇ ಮನೆಗೆ ಬಂದು ಇನ್ನೊಂದು ಸಲ ನೋಡ್ತೀನಿ” ಎಂದಳು.

ಆ ಹೊತ್ತಿಗೆ ನಿಂಗಯ್ಯ ಅಲ್ಲಿರಲಿಲ್ಲ. ‘ಪೂರ್ತಿ ತಣ್ಣಗಾಗಿದ್ದಾರೆ, ಕಂಬಳಿ ಹೊದಿಸಿ’ ಎನ್ನುವಷ್ಟನ್ನು ಕೇಳಿ, ಕಾಂತರಾಜು ಗೆದ್ದ ಸುದ್ದಿಯನ್ನು ಎದುರಾಳಿಗೆ ಮುಟ್ಟಿಸಲು ಬೂತಿಗೆ ಓಡಿದ್ದ. ಮೈಸೂರಿನ ತಂಗಿಗೆ ಫೋನು ಮಾಡಲು ನಾನೂ ಅಲ್ಲಿಗೇ ಹೋದೆ.

ನಿಂಗಯ್ಯ ದುಂದುಗಾರನಲ್ಲ. ಬೂತು ಅವನದೇ ಆದರೂ ಮೀಟರಿನ ಕೆಂಪು ಅಂಕಿ ಓಡುವುದನ್ನು ಕಂಡರೆ ಅವನಿಗೆ ವಾಕ್ಯ ಮುಗಿಸುವ ಧೈರ್ಯ ಬರುವುದಿಲ್ಲ. ಊರವರ ಮುಂದೆ ಒಂದು ಮಾತಿಗೆ ಹತ್ತು ಮಾತು ಸೇರಿಸುವವನು ಫೋನು ಹಿಡಿದರೆ ಟೆಲಿಗ್ರಾಂ ಆಗಿಬಿಡುತ್ತಾನೆ.

“ಅಲೋ, ಕನಕರಾಜಾ? ನಾನು ನಿಂಗಯ್ಯ ಕಣಪ್ಪ, ವೊಸಗ್ರಾರ. ನಿನ್ ಷಡ್ಡಕ ತಣ್ಣಗಾಗೋದ.”

ಆ ಕಡೆಯಿಂದ ಸದ್ದಿಲ್ಲ.

“ಊಂ ಕಣಪ್ಪ, ಪೂರ್ತಿ. ಮಂಡಿಯಿಂದ ಕೆಳಕ್ಕೆ ಏನೇನೂ ಇಲ್ಲ. ಮೈಸೂರ್ ಮೇಡಮ್ಮೇ ನೋಡಿ ಹೇಳುದ್ರು.”

ಸದ್ದಿಲ್ಲ.

“ಮಲುಗ್ಸಿ ಕಂಬ್ಳಿ ವೊದ್ಸವ್ರೆ. ನಾಳಿಕ್ ಬೆಳಿಗ್ಗೇನೇ ಬಂದ್ಬುಡಿ. ಟೀಮ್ನೋರೆಲ್ಲಾ ಬರ್ಬೇಕು. ನೀನು ಅಳೋದ್ನ ನಾವು ನೋಡ್ಬೇಕು ಕಣಪ್ಪ. ಮಡಗ್ತೀನಿ.”

ಮಡಗಿದ. ಮೀಟರು ನೋಡಿದ. ಮುಖ ಅರಳಿತು. “ಎಂಗೆ ಟೀಚರಮ್ಮ? ಬಾಯೇ ಕಟ್ಟೋಯ್ತು ಅವಂಗೆ. ಕೊನೇಲಿ ‘ಅಯ್ಯೋ ಅಣ್ಣ’ ಅಂದ ಅಷ್ಟೆಯ. ಎದೆ ಒಡ್ಕಂಡಿರ್ತಾನೆ.”

ಎದೆ ಒಡೆದುಕೊಂಡದ್ದು ನಿಜ. ಆಮೇಲೆ ಅವನೇ ಹೇಳಿದ ಪ್ರಕಾರ, ಕನಕರಾಜು ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆಯ ಬೆಂಕಿಯನ್ನು ಆರಿಸಿ, ಅಲ್ಲೇ ಬಾಗಿಲಲ್ಲಿ ಕುಳಿತು, ಮಗುವಿನ ಹಾಗೆ ಅತ್ತ. ತಂಡದವರು ಒಬ್ಬೊಬ್ಬರಾಗಿ ಬಂದು ಜೊತೆಗೆ ಅತ್ತರು. ಬೆಳಗಿನ ಜಾವ ಟೆಂಪೋ ಹೊರಟಿತು. ಆಟದ ಚಡ್ಡಿ ತೊಟ್ಟು ಬರಬೇಕಿದ್ದವರು ಬಿಳಿ ಪಂಚೆ ಉಟ್ಟಿದ್ದರು. ಹುಣಸೂರಿನಲ್ಲಿ ನಿಲ್ಲಿಸಿ ತೋಳುದಪ್ಪದ ಸೇವಂತಿಗೆ ಹಾರ ಕೊಂಡರು. ಅಲ್ಲಿಂದ ಎಚ್.ಡಿ. ಕೋಟೆ ದಾಟಿ ಬೀಚನಹಳ್ಳಿಗೆ ಹೋಗಿ, ಡ್ಯಾಮಿನ ಪಕ್ಕದ ಮನೆಯಿಂದ ಅತ್ತೆ ಮಲ್ಲಾಜಮ್ಮನನ್ನು ಕೂರಿಸಿಕೊಂಡು, ಮತ್ತೆ ಇತ್ತ ತಿರುಗಿದರು. ಯಾರ ಹೊಟ್ಟೆಗೂ ಒಂದು ಲೋಟ ಕಾಫಿಯೂ ಬಿದ್ದಿರಲಿಲ್ಲ.

ಇಲ್ಲಿ ಕಾಂತರಾಜುವಿಗೆ ರಾತ್ರಿ ಶುರುವಾದ ನೆಗಡಿ ಬೆಳಗಾಗುವ ಹೊತ್ತಿಗೆ ಜ್ವರವಾಗಿತ್ತು. ಬಿಸಿಲು ಕಾಯಲೆಂದು ಜಗಲಿಯ ಮೇಲೆ ಚಾಪೆ ಹಾಕಿಸಿಕೊಂಡು, ತಲೆತುಂಬ ಕಂಬಳಿ ಎಳೆದುಕೊಂಡು ಮಲಗಿದ್ದ. ಸುನಂದಮ್ಮ ಮೆಣಸಿನ ಸಾರಿಗೆಂದು ನಮ್ಮ ಮನೆಯ ಒಳಗಿನ ಒರಳಿನಲ್ಲಿ ಮೆಣಸು ಕುಟ್ಟುತ್ತಿದ್ದಳು, ಆ ಸದ್ದಿನಲ್ಲಿ ಅವಳಿಗೆ ಬೀದಿಯದೇನೂ ಕೇಳಿಸುತ್ತಿರಲಿಲ್ಲ. ಅವರ ಒರಳು ಕಾಂತರಾಜು ಸರಿಪಡಿಸಲು ಹೋದಂದಿನಿಂದ ಎರಡಾಗಿತ್ತು. ರುದ್ರಸ್ವಾಮಿ ಮೇಷ್ಟ್ರು ಬೃಂದಾಳನ್ನು ಕರೆದುಕೊಂಡು ಬೀದಿಯ ತುದಿಯಿಂದ ನಡೆದು ಬರುತ್ತಿದ್ದರು.

ಅಷ್ಟರಲ್ಲಿ ಟೆಂಪೋ ಬಂದು ನಿಂತಿತು.

ಮಲ್ಲಾಜಮ್ಮ ಇಳಿದರು. ಜಗಲಿಯ ಮೇಲಿನ ಕಂಬಳಿಯನ್ನು ನೋಡಿದರು. ಆಮೇಲೆ ಹೊಸ ಅಗ್ರಹಾರ ಕೇಳಿದ್ದು ಅಂತಿಂಥ ಅಳುವಲ್ಲ.

“ಅಯ್ಯೋ ನನ್ನಪ್ಪ, ನನ್ ದೊರೇ. ಮಳೆಗಾಲ್ದಲ್ಲಿ ನಾನು ಆಸ್ಪತ್ರೆಗೋಗುವಾಗ ಕೆಸರಿಗೆ ಕಾಲಿಡ್ಬ್ಯಾಡಿ ಅತ್ತೆ ಅಂತ ನನ್ನ ಬೆನ್ನಿನ್ ಮ್ಯಾಲೆ ವೊತ್ಕಂಡೋದ್ಯಲ್ಲೋ. ನಮ್ಮಟ್ಟಿ ಸೋರುದ್ರೆ ಏಣಿ ಆಕ್ದೋನು ನೀನು, ಆ ಕನಕರಾಜ ಅಲ್ಲ ಕಣೋ.”

ಕಂಬಳಿ ಅಲುಗಾಡಲಿಲ್ಲ. ಆದರೆ ಕೆಳಗಿನ ತುದಿಯಲ್ಲಿ ಹೊರಗೆ ಇಣುಕಿದ್ದ ಹೆಬ್ಬೆರಳು ನೆಟ್ಟಗಾಯಿತು. ನಾನು ಬೇಲಿಯಾಚೆಯಿಂದ ಕಂಡೆ. ಹೋಗಿ ಹೇಳಬೇಕೆಂದು ಹೊರಟವಳು ಆ ಬೆರಳನ್ನು ನೋಡಿ ನಿಂತೆ. ವರ್ಷವಿಡೀ ಕತ್ತಿನ ತುಂಡು ತಿಂದ ಅಳಿಯ. ಇನ್ನೆರಡು ಮಾತು ಕೇಳಿಕೊಳ್ಳಲಿ ಎನಿಸಿತು.

“ನಿಂಗ್ ಕತ್ತು ಬಡಿಸ್ಬುಟ್ನಲ್ಲೋ ಮಗನೇ. ನೀನು ‘ಕತ್ತೇ ರುಚಿ ಕಣತ್ತೆ’ ಅಂದ್ಕಂಡು ತಿಂದ್ಯಲ್ಲೋ. ಇನ್ಮೇಕೆ ತೊಡೆ ಯಾರಿಗ್ ಬಡಿಸ್ಲೋ. ಈ ಕನಕರಾಜುಂದು ಬರೀ ಬಾಯಿ ಕಣೋ, ಬರೀ ಬಾಯಿ.”

ಕನಕರಾಜು ಪಕ್ಕದಲ್ಲೇ ಹಾರ ಹಿಡಿದು ನಿಂತಿದ್ದ. ಅತ್ತೆಯ ಮಾತಿಗೆ ಹೌದೆಂದು ತಲೆಯಾಡಿಸುತ್ತಾ ಅಳುತ್ತಿದ್ದ. ಆಮೇಲೆ ಮಂಡಿಯೂರಿ ಕಂಬಳಿಯ ಮೇಲೆ ಕೈಯಿಟ್ಟ.

“ಕಾಂತಣ್ಣ, ನಂದು ತಪ್ಪಾಯ್ತು ಕಣಣ್ಣ. ಓದ್ವರ್ಸ ನಾನು ಎಳ್ದಾಗ ನಿನ್ ಕೈಬೆಟ್ಟು ಮಧ್ಯದ ಗೆರೆ ಮುಟ್ಟಿತ್ತು. ಯಾರೂ ನೋಡ್ನಿಲ್ಲ, ನಾನ್ ನೋಡ್ದೆ. ನೀನು ಔಟಾಗಿರ್ನಿಲ್ಲ ಕಣಣ್ಣ. ಗೆದ್ದೋನು ನೀನು. ವರ್ಸೆಲ್ಲಾ ಕುರ್ಚಿ ಎಳ್ದು ಎಳ್ದು ನಗಾಡ್ಸಿಬುಟ್ಟೆ.”

ಕಂಬಳಿ ಎದ್ದು ಕುಳಿತಿತು.

“ರುದ್ರಸ್ವಾಬಿ ಬೇಷ್ಟ್ರೇ, ಕೇಳುಸ್ಕಂಡ್ರಾ?” ಎಂದಿತು, ಕಟ್ಟಿದ ಮೂಗಿನಿಂದ.

ಪಿರಿಯಾಪಟ್ಟಣದ ತಂಡ ಮೂರು ದಿಕ್ಕಿಗೆ ಓಡಿತು. ಒಬ್ಬ ನಮ್ಮ ಹಿತ್ತಲಿನ ಕೋಳಿಗೂಡಿನೊಳಗೆ ಅರ್ಧ ಹೋಗಿ ಸಿಕ್ಕಿಕೊಂಡ. ಕನಕರಾಜು ಹಾರವನ್ನು ತನ್ನ ಕೊರಳಿಗೇ ಹಾಕಿಕೊಂಡು ಹಿಂದಕ್ಕೆ ಬಿದ್ದ. ಓಡದೆ ನಿಂತವರು ಮಲ್ಲಾಜಮ್ಮ ಒಬ್ಬರೇ. ಅವರು ಅಳಿಯನ ಮೂಗಿನ ಕೆಳಗೆ ಬೆರಳಿಟ್ಟು ನೋಡಿದರು, ಕೆನ್ನೆಗೆ ಒಂದು ಕೊಟ್ಟರು, ಆಮೇಲೆ ಆ ಕೆನ್ನೆಯನ್ನೇ ಸವರಿದರು.

“ಉಸ್ರಾಡ್ತಾ ಅವ್ನೆ. ಉಸ್ರಾಡ್ಕಂಡು ಎಲ್ಲಾ ಕೇಳುಸ್ಕಂಡು ಮಲಗವ್ನೆ, ಆಳಾದೋನು” ಎಂದು ಅಲ್ಲೇ ಕುಳಿತು ಅಳುತ್ತಾ ನಗತೊಡಗಿದರು.

ವಿಚಾರಣೆ ಆಯಿತು. ನಿಂಗಯ್ಯನನ್ನು ಬೂತಿನಿಂದ ಕರೆಸಲಾಯಿತು.

“ನಾನೇನಂದೆ? ತಣ್ಣಗಾಗೋದ ಅಂದೆ. ಆಗಿರ್ನಿಲ್ವಾ? ಟೀಚರಮ್ಮ, ನೀವಿದ್ರಲ್ಲ, ಒಂದಕ್ಸರ ಸುಳ್ಳೇಳಿದೀನಾ?” ಎಂದ ನಿಂಗಯ್ಯ. ಹೇಳಿರಲಿಲ್ಲ. ಅದೇ ತೊಂದರೆ.

ಸುನಂದಮ್ಮ ಕುಟ್ಟಿದ ಮೆಣಸು ಹಿಡಿದು ಬಂದವಳು ಹಾರ ನೋಡಿ ತಂಗಿಯ ಗಂಡನಿಗೆ ಬಾಯಿಗೆ ಬಂದಷ್ಟು ಬೈದಳು. ಬೈದು ಮುಗಿದ ಮೇಲೆ ಅವನ ಮುಖ ನೋಡಿದಳು. “ಬೆಳಿಗ್ಗೆಯಿಂದ ಏನಾರ ತಿಂದಿದೀಯೇನಪ್ಪ?” ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ. ಪುಟ್ಟಸಿದ್ದಮ್ಮ ಅಷ್ಟರಲ್ಲಾಗಲೇ ತನ್ನ ಮನೆಯ ದೊಡ್ಡ ಬಾಣಲೆ ತಂದು ಒಲೆಯ ಮೇಲಿಟ್ಟು ರವೆ ಹುರಿಯಲು ಕುಳಿತಿದ್ದಳು. ಹಾರಗಳು ಹೊಸಿಲು ದಾಟಕೂಡದೆಂದು ಸುನಂದಮ್ಮ ಹಟ ಹಿಡಿದಳು. ಅವನ್ನು ಪುಟ್ಟಸಿದ್ದಮ್ಮನ ಹಸು ಸಂತೋಷದಿಂದ ತಿಂದಿತು.

ಉಪ್ಪಿಟ್ಟು ಬಡಿಸಿಯಾದ ಮೇಲೆ ಬೃಂದಾ ಕ್ಯಾಮೆರಾ ತೆರೆದಳು. ಈ ಸಲ ಕಾಂತರಾಜುವಿಗೆ ಕಾಲಿತ್ತು. ಮೈಯೆಲ್ಲ ಜ್ವರಕ್ಕೆ ಕಿತ್ತಳೆ ಬಣ್ಣ. ಎಡ ಮಂಡಿ ಮೈಯಷ್ಟೇ. ಬಲ ಮಂಡಿ ಮಾತ್ರ ಬ್ಯಾಡಗಿ ಮೆಣಸಿನಕಾಯಿ.

“ಇದು ಜ್ವರದ್ದಲ್ಲ ಸರ್. ಜ್ವರ ಎರಡೂ ಮಂಡಿಗೆ ಒಂದೇ. ಇದು ಹಳೇ ಪೆಟ್ಟು. ಎಷ್ಟು ದಿನದಿಂದ ನೋವಿದೆ?” ಎಂದಳು ಮೆಲ್ಲಗೆ.

ಕಾಂತರಾಜು ಗೋಡೆಯ ಕಡೆ ನೋಡಿದ. ಹೊಗಳಲು ಏನೂ ತೋಚಲಿಲ್ಲ.

“ಹೇಳ್ರಿ” ಎಂದಳು ಸುನಂದಮ್ಮ.

“ಓದ್ವರ್ಸದಿಂದ ಕಣವ್ವ. ಇವ್ನು ಎಳುದ್ನಲ್ಲ, ಅವತ್ತಿಂದ.”

ಕನಕರಾಜು ತಿನ್ನುತ್ತಿದ್ದ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ.

“ಆಡೋ ಹಾಗಿಲ್ಲ. ಓಡಲೂ ಕೂಡದು. ಮೈಸೂರಿಗೆ ಬನ್ನಿ, ಒಳ್ಳೆ ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ. ವಾಸಿಯಾಗುತ್ತೆ. ಆದ್ರೆ ಇವತ್ತು ಬೇಡ ಸರ್” ಎಂದಳು ಬೃಂದಾ. ರುದ್ರಸ್ವಾಮಿ ಮೇಷ್ಟ್ರು, “ಕ್ಯಾಮೆರಾ ಹೇಳಿಯಾಯ್ತಪ್ಪ” ಎಂದು ಕೈ ಚೆಲ್ಲಿದರು. ಕಾಂತರಾಜು ಕಂಬಳಿಯನ್ನು ಮತ್ತೆ ಹೆಗಲಿಗೆ ಎಳೆದುಕೊಂಡ. ಅಷ್ಟು ಹರಳೆಣ್ಣೆ, ಅಷ್ಟು ಗಂಜಿ, ಆ ನಾಲೆಯ ನೀರು.

“ಮೇಡಮ್ಮ, ನಡೀಬೌದಾ?” ಎಂದ ಕನಕರಾಜು.

“ನಡೀಬಹುದು. ನಿಧಾನಕ್ಕೆ.”

“ಅಂಗಾರೆ ಒಂದು ರೈಡು ನಡ್ಕಂಡು ಬರ್ಲಿ. ಓಡೋದ್ ಬ್ಯಾಡ.”

ರುದ್ರಸ್ವಾಮಿ ಮೇಷ್ಟ್ರು ಕಣ್ಣು ಮುಚ್ಚಿ ಕಾಯಿದೆಯನ್ನೆಲ್ಲ ನೆನಪಿಸಿಕೊಂಡರು. “ಓಡಲೇಬೇಕು ಅಂತ ರೂಲ್ಸಲ್ಲಿ ಎಲ್ಲೂ ಇಲ್ಲ. ಉಸಿರು ಬಿಡಬಾರದು, ಅಷ್ಟೇ ಇರೋದು” ಎಂದು ತೀರ್ಪು ಕೊಟ್ಟರು.

“ಯಾರಾದ್ರೂ ಹಿಡಿದ್ರೆ ತಕ್ಷಣ ನಿಂತ್ಬಿಡಬೇಕು. ಎಳೆದಾಡೋ ಹಾಗಿಲ್ಲ. ಗೊತ್ತಾಯ್ತಾ ಸರ್?” ಎಂದಳು ಬೃಂದಾ.

ಕಾಂತರಾಜು ಬಾಯಿ ತೆರೆದ. ತೆರೆದು, ಮುಚ್ಚಿ, “ಇನ್ನೊಂದ್ ಸತಿ ಹೇಳವ್ವ” ಎಂದ.

ಮಧ್ಯಾಹ್ನ ಶಾಲೆಯ ಬಯಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸತ್ತವನು ಆಡುತ್ತಾನಂತೆ ಎಂದು ಚುಂಚನಕಟ್ಟೆಯಿಂದಲೂ ಜನ ಬಂದಿದ್ದರು. ಆಟ ಚೆನ್ನಾಗಿಯೇ ನಡೆಯಿತು. ಕೊನೆಗೆ ಪಿರಿಯಾಪಟ್ಟಣ ಆರು ಅಂಕ ಮುಂದಿತ್ತು. ಉಳಿದದ್ದು ಒಂದೇ ರೈಡು. ಕಾಂತರಾಜು ಎದ್ದು ನಿಂತ.

“ಗಬಡ್ಡಿ, ಗಬಡ್ಡಿ, ಗಬಡ್ಡಿ” ಎನ್ನುತ್ತಾ, ಮೂಗು ಕಟ್ಟಿದ ಕಾಂತರಾಜು ಸಂತೆಗೆ ಹೊರಟವನಂತೆ ನಡೆದು ಎದುರಾಳಿಯ ಅಂಕಣ ಹೊಕ್ಕ.

ಏಳು ಜನ ಅರ್ಧಚಂದ್ರಾಕಾರವಾಗಿ ನಿಂತಿದ್ದರು. ಮೊದಲನೆಯವನನ್ನು ಮುಟ್ಟಿದ. ಅವನು ಮಿಸುಕಲಿಲ್ಲ, ಬೆಳಿಗ್ಗೆ ಟೆಂಪೋದಲ್ಲಿ ಎಲ್ಲರಿಗಿಂತ ಜೋರಾಗಿ ಅತ್ತವನು ಅವನು. ಎರಡನೆಯವನನ್ನು ಮುಟ್ಟಿದ. ಅವನು ತಬ್ಬಿಬ್ಬಾಗಿ ಕೈ ಮುಗಿದ. ಕೋಳಿಗೂಡಿನಲ್ಲಿ ಸಿಕ್ಕಿಕೊಂಡಿದ್ದವನು ತಾನಾಗಿ ಭುಜ ಮುಂದೆ ಮಾಡಿದ. ಪಿರಿಯಾಪಟ್ಟಣದ ಕಡೆಯವರು ಗೆರೆಯಾಚೆಯಿಂದ ಬಾಯಿ ಬಡಿದುಕೊಂಡರು.

“ಇಡಿಲಾ ಕನಕರಾಜ. ನಡ್ಕಂಡ್ ಓಯ್ತಾ ಅವ್ನೆ, ಇಡಿಲಾ.”

ಕಾಂತರಾಜು ಉಳಿದವರನ್ನೂ ಒಬ್ಬೊಬ್ಬರಾಗಿ ಮುಟ್ಟುತ್ತಾ ಕೊನೆಯ ಮೂಲೆಯಲ್ಲಿದ್ದ ಷಡ್ಡಕನ ಮುಂದೆ ಬಂದು ನಿಂತ. ಅದೇ ಬಲಗಾಲು ಕನಕರಾಜುವಿನ ಕೈಯಳತೆಯಲ್ಲಿತ್ತು. ಕನಕರಾಜು ಬಗ್ಗಿದ. ಬಗ್ಗಿ, ಆ ಮಂಡಿಯನ್ನೊಮ್ಮೆ ನೋಡಿ, ನೆಟ್ಟಗೆ ನಿಂತು ತನ್ನ ಊರವರ ಕಡೆ ತಿರುಗಿದ.

“ನೀವ್ ಬಂದ್ ಇಡೀರ್ಲಾ. ನಾವು ಬೆಳಿಗ್ಗೆ ಎಗಲು ಕೊಡಕ್ಕೆ ಅಂತ ಬಂದೋರು. ಕಾಲ್ ಎಳೆಯಕ್ಕೆ ಮನಸು ಬತ್ತದಾ?”

ಕಾಂತರಾಜು ಅವನ ಹೆಗಲನ್ನು ಮುಟ್ಟಿದ. ಮುಟ್ಟಿ ತಿರುಗಿದ. ಇನ್ನು ಉಳಿದದ್ದು ಮನೆಗೆ ಬರುವ ದಾರಿ. “ಗಬಡ್ಡಿ, ಗಬಡ್ಡಿ” ಎನ್ನುವ ಸದ್ದು ಸಣ್ಣದಾಗುತ್ತಿತ್ತು. ಅವನ ಮೂಗಿನ ಹೊಳ್ಳೆಗಳು ಅರಳಿದವು, ಕಣ್ಣು ತುಂಬಿದವು, ತಲೆ ನಿಧಾನವಾಗಿ ಹಿಂದಕ್ಕೆ ವಾಲತೊಡಗಿತು. ಸೀನು ಬರುತ್ತಿದೆ ಎಂದು ಇಡೀ ಬಯಲಿಗೆ ಗೊತ್ತಾಯಿತು. ಬಂದರೆ ಉಸಿರು ಹೋಯಿತು, ಉಸಿರು ಹೋದರೆ ಏಳಕ್ಕೆ ಏಳು ಅಂಕವೂ ಹೋಯಿತು. ರುದ್ರಸ್ವಾಮಿ ಮೇಷ್ಟ್ರು ಸೀಟಿಯನ್ನು ಬಾಯಿಗಿಟ್ಟುಕೊಂಡು ಊದುವುದನ್ನು ಮರೆತು ನಿಂತರು. ಸುನಂದಮ್ಮ ತನ್ನ ಮೂಗನ್ನೇ ಬಿಗಿಯಾಗಿ ಹಿಡಿದುಕೊಂಡಳು. ಬೃಂದಾ ನನ್ನ ಕೈ ಹಿಡಿದುಕೊಂಡಳು. ಎಡಗಾಲು ಗೆರೆ ದಾಟಿತು. ಬಲಗಾಲನ್ನು ಅವಸರಿಸದೆ, ನೋಯಿಸದೆ, ಎತ್ತಿ ಈಚೆಗಿಟ್ಟ.

ಆಮೇಲೆ ಸೀನಿದ. ಶಾಲೆಯ ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಹಾರಿಹೋದವು.

ಜನ ಕೂಗುವ ಮೊದಲು, ಸೀಟಿ ಊದುವ ಮೊದಲು, ಬೆಳಿಗ್ಗೆ ಅವನನ್ನು ಮಣ್ಣು ಮಾಡಲೆಂದು ಬಂದಿದ್ದ ಮಲ್ಲಾಜಮ್ಮನ ಧ್ವನಿ ಒಂದೇ ಕೇಳಿಸಿತು.

“ನೂರ್ವರ್ಸ ಕಣಪ್ಪ.”